ಸಾಲದ ಕೇಸಿಗೆ ಸಿಕ್ಕ ಉಚಿತ ವಕೀಲರು: ಕೆಲಸ ಚೆನ್ನಾಗಿದೆ, ಆದರೆ ಬೆನ್ನು ಬೀಳಬೇಕು

ಹೊಲಿಗೆ ಅಂಗಡಿಗೆ ಅಂತ ಅಕ್ಕ ತೆಗೆದುಕೊಂಡಿದ್ದ ಸಾಲ ಅರ್ಧಕ್ಕೆ ನಿಂತು, ಫೈನಾನ್ಸ್ ಕಂಪನಿಯವರು ವಸೂಲಿಗೆ ಸಿವಿಲ್ ದಾವೆ ಹಾಕಿದ್ದರು. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಜಾಸ್ತಿ ಜನರಿಗೆ ಗೊತ್ತಿಲ್ಲ, ಹೆಂಗಸರಿಗೆ ಇಲ್ಲಿ ಆದಾಯದ ಮಿತಿಯೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ. ಅರ್ಜಿ ಕೊಟ್ಟ ಮೇಲೆ ಪ್ರಾಧಿಕಾರದ ವಕೀಲರ ಪಟ್ಟಿಯಿಂದ (ಪ್ಯಾನೆಲ್) ಒಬ್ಬರನ್ನು ನೇಮಿಸುತ್ತಾರೆ, ಫೀಸು ಕೊಡಬೇಕಿಲ್ಲ.

ನಮಗೆ ಸಿಕ್ಕ ಮೇಡಂ ಮೊದಲು ಕೇಳಿದ್ದು, "ಅಮೀನ ಸಮನ್ಸ್ ಕೊಟ್ಟಿದ್ದು ಯಾವತ್ತು?" ಅಂತ. ಅಲ್ಲಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಮ್ಮ ಉತ್ತರ, ಹಾಕಬೇಕು, ಸರಿಯಾದ ಕಾರಣ ಇದ್ದರೆ ಕೋರ್ಟು 90 ದಿನದವರೆಗೆ ಬಿಡಬಹುದು. ಆರ್ಡರ್ 37ರಲ್ಲಿ (ಹಣದ ದಾವೆ ಬೇಗ ಮುಗಿಸುವ ವಿಶೇಷ ವಿಧಾನ) ಹಾಕಿದ ದಾವೆಯಾದರೆ ಹಾಜರಾಗೋಕೇ ಬರೀ 10 ದಿನ. ನಮ್ಮದು ಅದಲ್ಲ, ಪುಣ್ಯ. ಸುಮ್ನೆ ಮನೆಯಲ್ಲಿ ಕೂತರೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಮ್ಮ ಮಾತು ಕೇಳದೆಯೇ ತೀರ್ಪು, ಆಗುತ್ತದೆ.

ಆಮೇಲೆ ಪಾಸ್‌ಬುಕ್ಕನ್ನೂ ಕಂಪನಿಯ ಲೆಕ್ಕದ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಕಂತಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಹೋದರು. ವಸೂಲಿ ಹುಡುಗನ ಕೈಗೆ ಕೊಟ್ಟ ನಗದು ಲೆಕ್ಕದಲ್ಲೇ ಇಲ್ಲ! ಅಕ್ಕ ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಬಸ್ ಟಿಕೆಟ್ ಥರದ ಕಾಗದ, ಕೆಲವಂತೂ ಅಕ್ಷರ ಮಾಸಿ ಬೆಳ್ಳಗಾಗಿದ್ದವು. ಮೇಡಂ ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿ, ಓದೋಕೆ ಬಂದಷ್ಟನ್ನು ಆವತ್ತೇ ಜೆರಾಕ್ಸ್ ಮಾಡಿಸಿದರು. (ಅಂಥ ರಸೀದಿ ಸಿಕ್ಕ ದಿನವೇ ಫೋಟೊ ತೆಗೆದಿಡಿ.) ಸಾಲವೇ ಸುಳ್ಳು ಅಂತ ಬರೆಯಲಿಲ್ಲ. ಸಾಲ ತೆಗೆದುಕೊಂಡಿದ್ದು ನಿಜ, ಇಷ್ಟು ಕಟ್ಟಿದ್ದೂ ನಿಜ, ದಂಡದ ಬಡ್ಡಿ ಮಾತ್ರ ಒಪ್ಪಲ್ಲ, ಹೀಗೆ ದಾವೆಯ ಒಂದೊಂದು ಪ್ಯಾರಾಗೂ ಬೇರೆ ಬೇರೆ ಉತ್ತರ. ಅಲ್ಲಗಳೆಯದೆ ಬಿಟ್ಟಿದ್ದನ್ನೆಲ್ಲ ಒಪ್ಪಿಕೊಂಡ ಹಾಗೆ ಲೆಕ್ಕವಂತೆ.

ಏಜೆಂಟ್ "ಜೈಲಿಗೆ ಹಾಕಿಸ್ತೀವಿ" ಅಂದಾಗಿನಿಂದ ಅಕ್ಕ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವ ಹಾಗೇ ಇಲ್ಲ, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 56ನೇ ಸೆಕ್ಷನ್ ಇದೆಯಲ್ಲಮ್ಮ ಅಂತ ಮೇಡಂ ಸಮಾಧಾನ ಹೇಳಿದರು. ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ, ಅದು ಕ್ರಿಮಿನಲ್ ಕೇಸು.

ಒಂದು ಸ್ಟಾರ್ ಕಟ್ ಮಾಡಿದ್ದು ಓಡಾಟಕ್ಕೆ. ಮೇಡಂ ಫೋನ್ ಎತ್ತೋದು ಅಪರೂಪ. ವಾಯ್ದೆ ದಿನ ನಮ್ಮ ಕೇಸು ಕೂಗಿದಾಗ ಅವರು ಇನ್ನೊಂದು ಕೋರ್ಟ್ ಹಾಲಿನಲ್ಲಿ, ನಾನೇ ಮೆಟ್ಟಿಲು ಹತ್ತಿ ಓಡಿ ಕರೆದುಕೊಂಡು ಬಂದೆ. ಮುಂದಿನ ತಾರೀಖನ್ನೂ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಾವೇ ನೋಡಿಕೊಂಡೆವು.

ಕಡೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ದಂಡದ ಬಡ್ಡಿ ಬಿಟ್ಟರು, ರಸೀದಿ ಇದ್ದ ನಗದನ್ನು ಕಳೆದರು, ಉಳಿದದ್ದಕ್ಕೆ ಕಂತು. ಅದಾಲತ್ ತೀರ್ಪಿನ ಮೇಲೆ ಅಪೀಲು ಇಲ್ಲ, ಅದಕ್ಕೇ ಎಷ್ಟು ಕಂತು ಕಟ್ಟೋಕಾಗುತ್ತೆ ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಎಲ್ಲಿ ವಿಚಾರಿಸಬೇಕು ಅಂತ ತಿಳಿಯದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು. ನಮ್ಮಲ್ಲಿ ಕಚೇರಿ ಕೋರ್ಟ್ ಆವರಣದಲ್ಲೇ ಇದೆ, ಊಟದ ಹೊತ್ತಿಗೆ ಮಾತ್ರ ಹೋಗಬೇಡಿ, ಯಾರೂ ಸಿಗಲ್ಲ.