ಟೇಲ್‌ಗೇಟಿಂಗ್‌ಗೆ ಇದ್ದಿಲಿನ ಗ್ರಿಲ್ಲೋ, ಗ್ಯಾಸೋ?

ಅಮೆರಿಕದ ಕಾಲೇಜ್ ಫುಟ್‌ಬಾಲ್ ಪಂದ್ಯದ ದಿನ ಟೇಲ್‌ಗೇಟಿಂಗ್, ಅಂದರೆ ಆಟಕ್ಕೆ ಮುಂಚೆ ಕ್ರೀಡಾಂಗಣದ ಪಾರ್ಕಿಂಗ್ ಲಾಟ್‌ನಲ್ಲೇ ಒಲೆ ಹೂಡಿ ಗೆಳೆಯರೊಡನೆ ಉಣ್ಣುವ ಯೋಚನೆಯಿದ್ದರೆ ಮೊದಲು ಆ ಲಾಟ್‌ನ ನಿಯಮ ನೋಡಿ. ಕೆಲವೆಡೆ ಇದ್ದಿಲಿಗೆ ಅನುಮತಿಯೇ ಇರುವುದಿಲ್ಲ.

ರುಚಿಗೆ ಇದ್ದಿಲೇ ಸರಿ. ಆ ಹೊಗೆಯ ಘಮ ಗ್ಯಾಸ್‌ನಲ್ಲಿ ಬರುವುದಿಲ್ಲ. ಚಿಮಣಿ ಸ್ಟಾರ್ಟರ್‌ಗೆ (ಇದ್ದಿಲು ಹೊತ್ತಿಸುವ ಲೋಹದ ಕೊಳವೆ) ತುಂಬಿ ಹೊತ್ತಿಸಿದರೆ 15–20 ನಿಮಿಷದಲ್ಲಿ ಕೆಂಡ ಸಿದ್ಧ. ನಿಜವಾದ ಕಷ್ಟ ಕೊನೆಯಲ್ಲಿದೆ. ಕಿಕ್‌ಆಫ್‌ಗೆ, ಅಂದರೆ ಆಟ ಶುರುವಾಗುವ ಹೊತ್ತಿಗೆ, ಎಲ್ಲರೂ ಹೊರಟಾಗ ಮೇಲೆ ಬೂದಿ ಮುಚ್ಚಿದ ಕೆಂಡ ಆರಿದಂತೆ ಕಾಣುತ್ತದೆ, ಒಳಗೆ ಗಂಟೆಗಟ್ಟಲೆ ನಿಗಿನಿಗಿ ಉರಿಯುತ್ತಿರುತ್ತದೆ. ಅದನ್ನು ಹುಲ್ಲಿನ ಮೇಲೆ ಸುರಿಯುವುದು, ಕಾರಿನಡಿ ಇಡುವುದು ಖಂಡಿತ ಬೇಡ. ಕೆಂಡ ಹಾಕುವ ತೊಟ್ಟಿಯಿರುವ ಲಾಟ್, ಸಂಜೆಯ ಪಂದ್ಯ, ಕೈಯಲ್ಲಿ ಸಮಯ ಇವೆಲ್ಲ ಇದ್ದರೆ ಇದ್ದಿಲು ಆರಿಸಿ.

ಬೆಳಗ್ಗೆ 11ಕ್ಕೇ ಪಂದ್ಯವಾದರೆ ಗ್ಯಾಸ್ ವಾಸಿ: ಹತ್ತು ನಿಮಿಷದಲ್ಲಿ ಕಾಯುತ್ತದೆ, ಆರಿಸಿದ ಮೇಲೆ ಬೇಗ ತಣಿಯುತ್ತದೆ. ಒಂದು ಪೌಂಡ್ ಸಿಲಿಂಡರ್ ಸಣ್ಣ ಗ್ರಿಲ್‌ಗೆ ಸುಮಾರು ಒಂದೂವರೆ ಗಂಟೆ ಬರುತ್ತದೆ. ನವೆಂಬರ್‌ನಲ್ಲಿ ವಿಸ್ಕಾನ್ಸಿನ್, ಮಿಶಿಗನ್ ಕಡೆ ಚಳಿಗೆ ಒತ್ತಡ ಇಳಿದು ಉರಿ ಸಣ್ಣಗಾಗುತ್ತದೆ, ಒಂದು ಸಿಲಿಂಡರ್ ಹೆಚ್ಚಿಗೆ ಇರಲಿ.

ಯಾವುದರಲ್ಲೇ ಬೇಯಿಸಿ, ಬೀಫ್ ಬರ್ಗರ್‌ನ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಸಸ್ಯಾಹಾರಿ ಗೆಳೆಯರಿದ್ದರೆ ಪನೀರ್, ಜೋಳಕ್ಕೆ ಬೇರೆಯೇ ಜಾಲರಿ ಒಯ್ಯಿರಿ.