ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ, ತುಪ್ಪ: ನಾಲ್ಕನ್ನೂ ಬಳಸಿ ನೋಡಿದ ಮೇಲೆ

ದಿನದ ಅಡುಗೆಗೆ ನನ್ನ ಮತ ಗಾಣದ ಕಡಲೆಕಾಯಿ ಎಣ್ಣೆಗೆ. ಅದೇ ಹುರುಳಿಕಾಯಿ ಪಲ್ಯ, ಅದೇ ದೋಸೆ, ಅದೇ ಪೂರಿಯನ್ನು ಬೇರೆ ಬೇರೆ ಎಣ್ಣೆಯಲ್ಲಿ ಮಾಡಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಪ್ಯಾಕೆಟ್ ಸೂರ್ಯಕಾಂತಿ ಎಣ್ಣೆಗೆ ವಾಸನೆಯಿಲ್ಲ, ಪೂರಿ ಚೊಕ್ಕವಾಗಿ ಉಬ್ಬುತ್ತದೆ. ಸ್ಯಾಚುರೇಟೆಡ್ ಕೊಬ್ಬು, ಅಂದರೆ ಮಿತಿಯಲ್ಲಿಡಬೇಕಾದ, ತಣ್ಣಗಾದರೆ ಗಟ್ಟಿಯಾಗುವ ಬಗೆಯ ಕೊಬ್ಬು, ಶೇ. 11ರ ಆಸುಪಾಸು ಮಾತ್ರ, ವಿಟಮಿನ್ ಇ ಚೆನ್ನಾಗಿದೆ. ಸಾಮಾನ್ಯವಾಗಿ ಸಿಗುವ ಬಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬು. ಇದನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆದರೆ ಈ ಬಗೆಯ ಕೊಬ್ಬು ಕಾಯಿಸಿದಷ್ಟೂ ಬೇಗ ಕೆಡುತ್ತದೆ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಮನೆಗೆ ಇದು ಬೇಡವೇ ಬೇಡ.

ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಓಲಿಯಿಕ್ ಆಮ್ಲ, ಬೇಗ ಕೆಡದ ಬಗೆಯ ಕೊಬ್ಬು, ಹಾಗಾಗಿ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಲಿನೋಲಿಯಿಕ್ ಕೂಡ ಸಾಕಷ್ಟಿದೆ. ಸಾಸಿವೆ ಸಿಡಿದು ಕರಿಬೇವು ಬಿದ್ದಾಗ ಏಳುವ ಆ ಘಮ ಪ್ಯಾಕೆಟ್ ಎಣ್ಣೆಯಲ್ಲಿ ನನಗಂತೂ ಸಿಗಲಿಲ್ಲ. ತೊಂದರೆಗಳೂ ಇವೆ. ಪೂರಿ ಬಿಟ್ಟ ಕೂಡಲೇ ಬಾಣಲೆ ತುಂಬ ನೊರೆ ಬರುತ್ತದೆ, ಒಂದೊಂದೇ ಹಾಕಬೇಕು. ಡಬ್ಬಿಯ ತಳದಲ್ಲಿ ಗಸಿ ನಿಲ್ಲುತ್ತದೆ. ಹೆಚ್ಚು ದಿನ ಇಟ್ಟರೆ ಕಮಟು ವಾಸನೆ. ಮುಖ್ಯವಾಗಿ, ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಆದ್ದರಿಂದ ಬೀಜ ಕಣ್ಣಾರೆ ನೋಡಲು ಸಿಗುವ ಗಾಣದಲ್ಲೇ, ಸ್ವಲ್ಪ ಸ್ವಲ್ಪವಾಗಿ ತನ್ನಿ.

ಕೊಬ್ಬರಿ ಎಣ್ಣೆ ಡಿಸೆಂಬರಿನ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ವಾ? ಅದರ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ರಕ್ತದಲ್ಲಿ ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟರಾಲ್ ಏರಿಸುವುದು ಇದೇ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಹೊಂದುವ ಮಿತಿ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲೇ ಸುಮಾರು 12 ಗ್ರಾಂ ಆಗಿಹೋಗುತ್ತದೆ. ಕೋಸಿನ ಪಲ್ಯ ಇಳಿಸುವ ಮುಂಚೆ ಮೇಲೊಂದು ಸಣ್ಣ ಚಮಚ ಬಿಡುತ್ತೇನೆ. ಆ ರುಚಿಯನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಆದರೆ ಪೂರ್ತಿ ಅಡುಗೆಗೆ ಒಲ್ಲೆ.

ತುಪ್ಪವೂ ಅದೇ ದಾರಿ, ಶೇ. 60ಕ್ಕೂ ಜಾಸ್ತಿ ಸ್ಯಾಚುರೇಟೆಡ್. ಬಿಸಿ ಅನ್ನ, ಸೊಪ್ಪಿನ ಹುಳಿ, ಮೇಲೊಂದು ಚಮಚ ತುಪ್ಪ, ಇಷ್ಟು ಸಾಕು. ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತಬೇಕಾದರೆ ಜೊತೆಗೆ ಕೊಬ್ಬು ಬೇಕೇ ಬೇಕು. ಎಣ್ಣೆ ಮುಟ್ಟದೆ ಬರೀ ಬೇಯಿಸಿದ ಸೊಪ್ಪು ತಿನ್ನುವವರು ಇದನ್ನು ಗಮನಿಸಲಿ.

ಕ್ಯಾಲೊರಿಯಲ್ಲಿ ಮಾತ್ರ ನಾಲ್ಕಕ್ಕೂ ಹೆಚ್ಚುಕಡಿಮೆ ಇಲ್ಲ. ಗ್ರಾಂಗೆ 9, ಅಂದರೆ ಅಕ್ಕಿ, ಬೆಲ್ಲ ಕೊಡುವುದಕ್ಕಿಂತ ಎರಡು ಪಟ್ಟಿಗೂ ಮೇಲೆ. ಗಾಣದ್ದು ಎಂದು ಧಾರಾಳವಾಗಿ ಸುರಿದರೆ ಅದೂ ಹೊಟ್ಟೆಗೇ ಸೇರುವುದು. ನಾವು ಡಬ್ಬಿ ಬಗ್ಗಿಸುವುದನ್ನು ಬಿಟ್ಟು ಚಮಚದಲ್ಲಿ ಅಳೆಯುತ್ತೇವೆ. ಪಲ್ಯದ ರುಚಿಗೇನೂ ಕಡಿಮೆಯಾಗಿಲ್ಲ.

ಇನ್ನು ಒಮೆಗಾ-3, ಊಟದಿಂದಲೇ ಬರಬೇಕಾದ ಇನ್ನೊಂದು ಬಗೆಯ ಕೊಬ್ಬು. ಈ ನಾಲ್ಕರಲ್ಲಿ ಯಾವುದರಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಅದಕ್ಕೆ ಉತ್ತರ ಕರ್ನಾಟಕದವರ ಅಗಸಿ ಚಟ್ನಿಯೇ ಸರಿ. ಅಗಸೆಯನ್ನು ಹದವಾಗಿ ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪಿನ ಜೊತೆ ಪುಡಿ ಮಾಡಿ, ರೊಟ್ಟಿಗೆ ಮೊಸರು ಹಾಕಿಕೊಂಡು ತಿನ್ನಿ.