ಗ್ರೇಟ್ ಸರ್ಕಲ್ ಮ್ಯಾಪರ್: ದೂರಕ್ಕೆ ನಂಬಬಹುದು, ಸಮಯ ನಾವೇ ಲೆಕ್ಕ ಹಾಕಬೇಕು

ಕಾಸರಗೋಡಿನಿಂದ ಗಲ್ಫಿಗೋ ಲಂಡನ್ನಿಗೋ ಹೊರಡುವವರು ಟಿಕೆಟ್ ತೆಗೆಯುವ ಮೊದಲು ಈ ಉಚಿತ ಜಾಲತಾಣವನ್ನು ಒಮ್ಮೆ ನೋಡುವುದು ಒಳ್ಳೆಯದು. ಎರಡು ವಿಮಾನ ನಿಲ್ದಾಣಗಳ ಮೂರಕ್ಷರದ ಕೋಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಹಾಕಿ ಕೊಟ್ಟರೆ ಸಾಕು. ಭೂಮಿಯ ಉರುಟು ಮೈಮೇಲೆ ಅತಿ ಹತ್ತಿರದ ದಾರಿ ಎಷ್ಟಾಗುತ್ತದೆಂದು ನಕ್ಷೆ ಸಮೇತ ತೋರಿಸುತ್ತದೆ.

ಮಂಗಳೂರಿನ ಕೋಡ್ ಐಎಕ್ಸ್‌ಇ. ಕೊನೆಯಲ್ಲಿ ಇ ಬದಲು ಎಂ ಹೊಡೆದರೆ ಮಧುರೈಯಿಂದ ಅಳೆಯುತ್ತದೆ. ಕಣ್ಣೂರಿಗೆ ಸಿಎನ್‌ಎನ್, ದುಬೈಗೆ ಡಿಎಕ್ಸ್‌ಬಿ. ಉತ್ತರ ಮೊದಲು ಮೈಲಿಯಲ್ಲಿ ಬರುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಮಂಗಳೂರು–ದುಬೈ ಸುಮಾರು 1,530 ಮೈಲಿ, ಅಂದರೆ 2,460 ಕಿ.ಮೀ. ಕಿಲೋಮೀಟರಿಗೆ ಬದಲಾಯಿಸಿಕೊಳ್ಳಿ.

ದೂರದ ಲೆಕ್ಕ ಪಕ್ಕಾ. ಆದರೆ ವಿಮಾನ ಆ ಗೆರೆಯ ಮೇಲೆಯೇ ಹಾರುವುದಿಲ್ಲ, ಗಾಳಿಯೂ ಈ ಲೆಕ್ಕದೊಳಗಿಲ್ಲ. ಗಂಟೆಗೆ 830 ಕಿ.ಮೀ. ವೇಗ ಹಿಡಿದು ಭಾಗಿಸಿ, ಏರಲು, ಇಳಿಯಲು, ರನ್‌ವೇ ತನಕ ಉರುಳಲು ಅರ್ಧದಿಂದ ಮುಕ್ಕಾಲು ಗಂಟೆ ಸೇರಿಸಿ. ದುಬೈಗೆ ಸುಮಾರು ಮೂರೂವರೆಯಿಂದ ಮೂರೂಮುಕ್ಕಾಲು ಗಂಟೆ ಬರುತ್ತದೆ. ಹೋಗುವಾಗ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದ ಗಾಳಿ ಎದುರಾಗಿ ಇನ್ನೂ ತಡ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ. ಟಿಕೆಟಿನಲ್ಲಿರುವುದು ಆಯಾ ಊರಿನ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಗ್ಗೆ 10ಕ್ಕೆ ಹೊರಟು 12.20ಕ್ಕೆ ಇಳಿದರೆ ಪಯಣ 2 ಗಂಟೆ 20 ನಿಮಿಷವಲ್ಲ, 3 ಗಂಟೆ 50 ನಿಮಿಷ.

ಈ ತಾಣದ ನಿಜವಾದ ಉಪಯೋಗ ತಿಳಿಯುವುದು ದಾರಿ ಹೋಲಿಸುವಾಗ. ಮೂರು ಕೋಡ್‌ಗಳನ್ನು ಸಾಲಾಗಿ ಕೊಟ್ಟರೆ ಒಟ್ಟು ದೂರ ಸಿಗುತ್ತದೆ. ಮಂಗಳೂರಿನಿಂದ ಲಂಡನ್ ಹೀತ್ರೋಗೆ ನೇರ ಗೆರೆ ಸುಮಾರು 7,870 ಕಿ.ಮೀ. ದುಬೈ ಮೂಲಕ ಹೋದರೆ ಬರೇ 90 ಕಿ.ಮೀ.ಯಷ್ಟು ಹೆಚ್ಚು, ಬೆಂಗಳೂರಿಗೆ ಹೋಗಿ ತಿರುಗಿದರೆ 480ರಷ್ಟು. ಹಾಗಾಗಿ ದುಬೈ ಸುತ್ತುದಾರಿಯಲ್ಲ; ಅಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಗಂಟೆಗಳನ್ನಷ್ಟೇ ನೋಡಿ ಆರಿಸಿ.

ಬಜಪೆಯೋ (ಮಂಗಳೂರು ನಿಲ್ದಾಣ) ಮಟ್ಟನ್ನೂರೋ (ಕಣ್ಣೂರು ನಿಲ್ದಾಣ) ಎಂಬ ನಮ್ಮ ಮಾಮೂಲಿ ಗೊಂದಲಕ್ಕೂ ಇದು ಅರ್ಧ ಉತ್ತರ ಕೊಡುತ್ತದೆ. ದುಬೈಗೆ ಕಣ್ಣೂರಿನಿಂದ ಸುಮಾರು 130 ಕಿ.ಮೀ. ಜಾಸ್ತಿ, ಆಕಾಶದಲ್ಲಿ ಅದು ಹತ್ತು ನಿಮಿಷದ ಮಾತು. ಉಳಿದರ್ಧ ರಸ್ತೆಯದು: ಕಾಸರಗೋಡು ಪೇಟೆಯಿಂದ ಬಜಪೆಗೆ ಅರುವತ್ತು ಚಿಲ್ಲರೆ ಕಿ.ಮೀ., ಮಟ್ಟನ್ನೂರಿಗೆ ನೂರು ದಾಟುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಬಜಪೆಯೇ ಸರಿ, ತಲಪಾಡಿ ದಾಟಿ ಮಂಗಳೂರಿನ ಪಂಪ್‌ವೆಲ್ ವೃತ್ತದ ವಾಹನಗಳ ನಡುವೆ ಸಿಕ್ಕಿಕೊಳ್ಳುವ ಸಮಯವನ್ನೂ ಇಟ್ಟುಕೊಂಡು ಹೊರಡಬೇಕು. ನೀಲೇಶ್ವರದಿಂದ ತೆಂಕಕ್ಕಿರುವವರು ಕಣ್ಣೂರಿನ ದರವನ್ನೂ ನೋಡಿಯೇ ಟಿಕೆಟ್ ಮಾಡಲಿ.